ಮಹಾರಾಜರು ಉಳಿಸಿಕೊಟ್ಟ ನಾದ

ಪ್ರಶ್ನೆ: ಹಳೆಯ ಗ್ರಾಮಫೋನ್ ತಟ್ಟೆಗಳಿಂದ ಡಿಜಿಟಲ್‌ಗೆ ಇಳಿಸಿದ ಪಾಶ್ಚಾತ್ಯ ವಾದ್ಯವೃಂದ ಸಂಗೀತದ ರುಚಿ ಹತ್ತಿದೆ. ಯಾವುದರಿಂದ ಶುರುಮಾಡಲಿ?
– ಓದುಗರೊಬ್ಬರು, ದುಬೈ

ಉತ್ತರ: ನಮ್ಮ ಮೈಸೂರಿನಿಂದಲೇ ಶುರುಮಾಡಿ. ಮಹಾರಾಜ ಜಯಚಾಮರಾಜ ಒಡೆಯರ್ ಅವರು ರಷ್ಯಾದ ಸಂಯೋಜಕ ನಿಕೊಲಾಯ್ ಮೆಟ್ನರ್ ಸಂಗೀತಕ್ಕೆ ಮಾರುಹೋಗಿ, 1940ರ ದಶಕದ ಕೊನೆಯಲ್ಲಿ ಲಂಡನ್ನಿನಲ್ಲಿ ಅದರ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. ಮೂರೂ ಪಿಯಾನೊ ಕಾನ್ಚರ್ಟೊಗಳನ್ನು ಮೆಟ್ನರ್ ತಾವೇ ನುಡಿಸಿದ್ದಾರೆ, ಜೊತೆಗೆ ಫಿಲ್‌ಹಾರ್ಮೋನಿಯಾ ವಾದ್ಯವೃಂದ. ಅದೇ ವೃಂದದೊಂದಿಗೆ 1949ರಲ್ಲಿ ವೃಂದ ನಿರ್ದೇಶಕ ಕರಾಯನ್ ಮುದ್ರಿಸಿದ, ರಷ್ಯಾದ ಇನ್ನೊಬ್ಬ ಸಂಯೋಜಕ ಬಲಾಕಿರೆವ್ ಅವರ ಸಿಂಫನಿಗೂ ಮಹಾರಾಜರ ನೆರವಿತ್ತು.

ಮೆಟ್ನರ್ ಮುದ್ರಣಗಳು ಬಂದದ್ದು ನಿಮಿಷಕ್ಕೆ 78 ಸುತ್ತಿನ ಅರಗಿನ ತಟ್ಟೆಗಳಲ್ಲಿ. ಒಂದು ಮಗ್ಗುಲಿಗೆ ನಾಲ್ಕೈದು ನಿಮಿಷ ಅಷ್ಟೆ. ಸಂಗೀತ ಏರುತ್ತಿರುವಾಗಲೇ ತಟ್ಟೆ ಮಗುಚಬೇಕಿತ್ತು. ಈಗ ತಂತ್ರಜ್ಞರು ಅಗಲ ಮೊನೆಯ ಮುಳ್ಳಿನಿಂದ ನುಡಿಸಿ, ವೇಗ ಸರಿಪಡಿಸಿ, ಚಟಪಟ ಸದ್ದು ತೆಗೆದು, ಮಗ್ಗುಲುಗಳನ್ನು ಹೊಲಿಗೆ ಕಾಣದಂತೆ ಜೋಡಿಸುತ್ತಾರೆ. ಹಿನ್ನೆಲೆಯ ಸುಯ್ಯೆನ್ನುವ ಸದ್ದನ್ನು ಪೂರ್ತಿ ಅಳಿಸಿದ ಪ್ರತಿ ಮಾತ್ರ ಬೇಡ. ಅದರೊಂದಿಗೆ ಪಿಟೀಲಿನ ಕಮಾನು ತಂತಿಗೆ ತಾಗುವ ಸದ್ದೂ ಹೋಗಿರುತ್ತದೆ. ದುಬೈ ಒಪೆರಾದಲ್ಲಿ ಒಮ್ಮೆ ವಾದ್ಯವೃಂದವನ್ನು ನೇರವಾಗಿ ಕೇಳಿ, ಈ ವ್ಯತ್ಯಾಸ ಕಿವಿಗೆ ಹತ್ತುತ್ತದೆ.

ಟೆಸ್ಟಮೆಂಟ್ ಕಂಪನಿ ಮೆಟ್ನರ್ ಕಾನ್ಚರ್ಟೊಗಳ ಈ ಮುದ್ರಣಗಳನ್ನು ಸಿ.ಡಿ.ಗೆ ತಂದಿದೆ. ಮೂರನೆಯ ಕಾನ್ಚರ್ಟೊ ಮೊದಲು ಕೇಳಿ. ಮೆಟ್ನರ್ ಅದನ್ನು ಮೈಸೂರು ಮಹಾರಾಜರಿಗೇ ಅರ್ಪಿಸಿದ್ದಾರೆ.