ಸೇತುವೆ ಯಾವ ಮನೆಯದು?

ಕಳೆದ ದೀಪಾವಳಿ ರಜೆಯಲ್ಲಿ ಪುಣೆಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಸಣ್ಣ ಯುದ್ಧವೇ ನಡೆದುಹೋಯಿತು. ಅಕ್ಕನ ಮಗ ಮೂವರು ಮರಾಠಿ ಗೆಳೆಯರೊಡನೆ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡಿಸುತ್ತಿದ್ದ. ಅವನು ಸೂತ್ರಧಾರ, ಉಳಿದವರು ಯೋಧ, ಮಂತ್ರವಾದಿ, ಕಳ್ಳ. ಕಥೆ ಹೇಳುತ್ತ, ದಾಳ ಉರುಳಿಸುತ್ತ ಕಾಡುಮೇಡು ಅಲೆಯುವ ಆಟ. ನಕ್ಷೆಯಲ್ಲಿ ಒಂದು ಸೇತುವೆ ಎರಡು ಮನೆಗಳ ನಡುವಿನ ಗೆರೆಯ ಮೇಲೇ ಕೂತಿತ್ತು. ಈಚೆ ಮನೆಯದಾದರೆ ಸಂಜೆಯೊಳಗೆ ತಲುಪಬಹುದು, ಆಚೆಯದಾದರೆ ರಾತ್ರಿ ಕಾಡಿನಲ್ಲೇ. ನಕ್ಷೆ ಮಾಡಿಕೊಟ್ಟವನು ನಾನು. “ಮಾಮಾ, ನೀವೇ ಹೇಳಿ” ಎಂದರೆ ನನ್ನ ಬಳಿ ಉತ್ತರವಿರಲಿಲ್ಲ.

ಚೌಕಾಬಾರದ ಹಾಗೆ ಚೌಕ ಮನೆಗಳೇ ಸಾಲದೇ ಎಂದು ಕೇಳಬಹುದು. ಚೌಕದಲ್ಲಿ ಮೂಲೆಯಿಂದ ದಾಟಿದರೂ ನಡೆ ಒಂದೇ, ಆದರೆ ದೂರ 1.41 ಪಟ್ಟು. ಷಟ್ಕೋನದಲ್ಲಿ ಆರೂ ನೆರೆಮನೆಗಳು ಸಮದೂರ. ಅಮೆರಿಕದ ಅವಲಾನ್ ಹಿಲ್ ಕಂಪನಿ 1961ರಲ್ಲೇ ‘ಗೆಟಿಸ್‌ಬರ್ಗ್’ ಯುದ್ಧದಾಟಕ್ಕೆ ಈ ಜೇನುಗೂಡಿನ ಹಲಗೆ ಬಳಸಿತು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಡ್ರ್ಯಾಗನ್ ಆಟ ಹೊರತಂದಾಗ, ಕಾಡಿನ ಸಂಚಾರಕ್ಕೆ ಅದೇ ಕಂಪನಿಯ ‘ಔಟ್‌ಡೋರ್ ಸರ್ವೈವಲ್’ ಹಲಗೆಯನ್ನು ಬಳಸಿಕೊಳ್ಳಿ ಎಂದು ಸೂಚಿಸಿದ್ದರು.

ನನ್ನ ತಪ್ಪು ಅರ್ಧ ಪಿಕ್ಸೆಲಿನದು. 100 ಪಿಕ್ಸೆಲ್ ಅಗಲದ ಷಟ್ಕೋನದ ಎತ್ತರ 86.6. ಊರು, ಸೇತುವೆಗಳನ್ನು ಆ ಲೆಕ್ಕದಲ್ಲೇ ಗುರುತಿಸಿ, ಮೇಲೆ ಹಾಸಿದ ಜಾಲರಿಗೆ ಮಾತ್ರ 87 ಇಟ್ಟಿದ್ದೆ. ಸಾಲಿಗೆ 0.4ರಂತೆ ನಲವತ್ತನೆಯ ಸಾಲಿಗೆ ಬರುವಷ್ಟರಲ್ಲಿ 16 ಪಿಕ್ಸೆಲ್ ಜಾರಿತ್ತು!

ಆದ್ದರಿಂದ ಬಣ್ಣ ಬಳಿಯುವ ಮೊದಲೇ ಲೆಕ್ಕ ಸರಿಮಾಡಿಕೊಳ್ಳಿ. ಬಾಹು 60 ಇಟ್ಟರೆ ಎತ್ತರ 103.92, 104 ಎಂದರೆ ನಷ್ಟವಿಲ್ಲ. ಉಚಿತವಾಗಿ ಸಿಗುವ ‘ಗಿಂಪ್’ನಲ್ಲಿ 180 ಅಗಲ, 104 ಎತ್ತರದ ಪಾರದರ್ಶಕ ಚಿತ್ರ ತೆರೆಯಿರಿ. ಅಡ್ಡಕ್ಕೆ 0, ಕೆಳಕ್ಕೆ 52ರ ಬಿಂದುವಿನಿಂದ ಪೆನ್ಸಿಲ್ ಹಿಡಿದು ಮೇಲಂಚಿನ 30ಕ್ಕೆ, ಅಲ್ಲಿಂದ ಮೇಲಂಚಿನಲ್ಲೇ 90ಕ್ಕೆ, ಇಳಿದು ಅಡ್ಡ 120, ಕೆಳಕ್ಕೆ 52ಕ್ಕೆ, ಮತ್ತೆ ಕೆಳಂಚಿನ 90ಕ್ಕೆ ಗೆರೆ ಎಳೆಯಿರಿ. ಕೆಳಂಚಿನ 30ರಿಂದ ಮೊದಲ ಬಿಂದುವಿಗೊಂದು, 120ರ ಬಿಂದುವಿನಿಂದ ಬಲ ಅಂಚಿಗೆ ನೇರವಾಗಿ ಒಂದು. ತಳದ ಗೆರೆ ಬೇಡ. ಕೆಳಗಿನ ತುಂಡಿನ ಮೇಲಂಚೇ ಅದು. ಇದನ್ನು ಕಾಪಿ ಮಾಡಿ, ದೊಡ್ಡ ನಕ್ಷೆಯ ಪ್ರತ್ಯೇಕ ಲೇಯರಿನಲ್ಲಿ ಪ್ಯಾಟರ್ನ್ ಆಗಿ ಸುರಿದರೆ ಜಾಲರಿ ತಾನೇ ಹರಡಿಕೊಳ್ಳುತ್ತದೆ. ಬೆಟ್ಟ, ಹೊಳೆ ಕೆಳಗಿನ ಲೇಯರಿನಲ್ಲಿರಲಿ. ಅಲಂಕಾರಕ್ಕೆ ವಾರಗಟ್ಟಲೆ ಕೂರಬೇಡಿ, ಆಟ ಆಡುವವರು ನೋಡುವುದು ದಾರಿಯನ್ನು.

ಸೂತ್ರಧಾರನ ಗುಟ್ಟಿನ ಪ್ರತಿಗೆ ಹೆಸರುಗಳನ್ನು ಕನ್ನಡದಲ್ಲೇ ಹಾಕುವುದು ನಮ್ಮ ಹುಡುಗನ ಉಪಾಯ. ಗೆಳೆಯರು ಇಣುಕಿದರೂ ದೇವನಾಗರಿ ಬಲ್ಲವರಿಗೆ ‘ಹುತ್ತದಗುಡ್ಡ’ ಎಂದರೆ ಏನು ತಿಳಿಯಬೇಕು? ಮನೆಯಲ್ಲಿ ಕನ್ನಡ ಮಾತಾಡಿದರೂ ಬರೆಯಲು ತಡವರಿಸುವ ಹುಡುಗ. ಒತ್ತಕ್ಷರ ಕೇಳಲು ಅಜ್ಜಿಗೆ ಎರಡು ಸಲ ಫೋನು ಮಾಡಿದ. ಕೊಂಬು, ದೀರ್ಘಗಳಲ್ಲಿ ಇನ್ನೂ ತಪ್ಪುತ್ತಾನೆ.

ಹೊಸ ಜಾಲರಿ ಹಾಸಿ ನೋಡಿದೆವು. ಸೇತುವೆ ಆಚೆ ಮನೆಯದೇ. ಮೂವರೂ ರಾತ್ರಿ ಕಾಡಿನಲ್ಲಿ ಕಳೆದರು, ತೋಳಗಳು ಬಂದವು.