ಎದೆಮಟ್ಟದಲ್ಲಿ ಹಿಡಿದ ಟೇಪು

ಕಾಡಿನ ಪಾಠ ಶುರುವಾಗುವುದು ಟೇಪಿನಿಂದ. ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಅಂದರೆ ನಾಲ್ಕೂವರೆ ಅಡಿಗೆ, ಮರದ ಸುತ್ತ ಟೇಪು ಹಾಯಿಸಿ ಓದಬೇಕು. ಇದಕ್ಕೆ ಎದೆಮಟ್ಟದ ಸುತ್ತಳತೆ ಎಂದು ಹೆಸರು. ಯಾರ ಎದೆ? ಹಳೇ ಸಾಹೇಬರದ್ದಿರಬೇಕು, ನಮ್ಮ ಹೆಣ್ಣುಮಕ್ಕಳಲ್ಲಿ ಅನೇಕರಿಗೆ ಅದು ಗಂಟಲ ಹತ್ತಿರ ಬರುತ್ತದೆ. ಅಷ್ಟುದ್ದದ ಕೋಲೊಂದನ್ನು ಕಡಿದು ಜೊತೆಗಿಟ್ಟುಕೊಂಡರೆ ತಕರಾರಿಲ್ಲ. ಮರ ಇಳಿಜಾರಿನಲ್ಲಿದ್ದರೆ ಮೇಲ್ಗಡೆ ನಿಂತು ಅಳೆಯಬೇಕು. ಬುಡದಲ್ಲಿ ಹಲಗೆಯಂತೆ ಹರಡಿದ ಬೇರಿದ್ದರೆ ಅದು ಮುಗಿಯುವ ಜಾಗದಿಂದ ಮೇಲೆ. ಎದೆಮಟ್ಟಕ್ಕಿಂತ ಕೆಳಗೇ ಕವಲೊಡೆದರೆ ಎರಡು ಮರ ಎಂದು ಬರೆಯಬೇಕು, ಮೇಲೆ ಒಡೆದರೆ ಒಂದೇ. ಒಬ್ಬ ಟೇಪು ಹಿಡಿದು 'ಮತ್ತಿ, ನೂರಾ ಹನ್ನೆರಡು' ಎಂದು ಕೂಗುತ್ತಾನೆ, ಇನ್ನೊಬ್ಬಳು ಪುಸ್ತಕಕ್ಕೆ ಇಳಿಸುತ್ತಾಳೆ, ಮೂರನೆಯವನು ಕಾಲಿನ ಉಂಬಳ ಕೀಳುತ್ತಿರುತ್ತಾನೆ.

ಕರ್ನಾಟಕದಲ್ಲಿ ಈ ಕಾಡಿನ ಪಾಠವನ್ನು ನಾಲ್ಕು ವರ್ಷ ಕೂತು ಓದುವುದಕ್ಕೆ ಹೆಸರಾದ ಜಾಗಗಳು ಎರಡು: ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಶಿರಸಿಯ ಅರಣ್ಯ ಕಾಲೇಜು, ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಸೇರಿದ ಪೊನ್ನಂಪೇಟೆಯ ಕಾಲೇಜು. ಒಂದು ಉತ್ತರ ಕನ್ನಡದಲ್ಲಿ, ಇನ್ನೊಂದು ಕೊಡಗಿನಲ್ಲಿ. ಕಾಲೇಜಿನ ಗೇಟು ದಾಟಿ ಸ್ವಲ್ಪ ನಡೆದರೆ ಪಠ್ಯವೇ ಎದುರಾಗುವಂಥ ಊರುಗಳು. ಮಣ್ಣು, ಬೀಜ, ನರ್ಸರಿ, ಮರದ ಒಳರಚನೆ, ವನ್ಯಜೀವಿ, ಅರಣ್ಯ ಕಾನೂನು, ಸಂಖ್ಯಾಶಾಸ್ತ್ರ ಎಲ್ಲವೂ ಉಂಟು. ಸಂಖ್ಯಾಶಾಸ್ತ್ರ ಎಂದರೆ ಮುಖ ಕಿವುಚುವವರೇ ಹೆಚ್ಚು. ಹುಲಿ ನೋಡಲು ಬಂದವರಿಗೆ ಸರಾಸರಿ, ವಿಚಲನೆ ಎಂದರೆ ಯಾರಿಗೆ ಬೇಕು ಹೇಳಿ.

ಟೇಪಿಗೆ ಮರಳೋಣ. ಬಿದ್ದ ದಿಮ್ಮಿಯಲ್ಲಿ ಎಷ್ಟು ನಾಟಾ ಇದೆ ಎಂದು ಹೇಳಲು ಕಾಲುಸುತ್ತಳತೆಯ ಲೆಕ್ಕ ಎಂಬುದೊಂದಿದೆ. ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಮತ್ತೆ ಗುಣಿಸುವುದು. 1.6 ಮೀಟರ್ ಸುತ್ತಳತೆಯ, 5 ಮೀಟರ್ ಉದ್ದದ ಸಾಗವಾನಿ ದಿಮ್ಮಿಗೆ ಈ ಲೆಕ್ಕದಲ್ಲಿ 0.8 ಘನ ಮೀಟರ್ ಬರುತ್ತದೆ. ಅದೇ ದಿಮ್ಮಿಯನ್ನು ಶಾಲೆಯಲ್ಲಿ ಕಲಿತ ಸಿಲಿಂಡರಿನ ಸೂತ್ರಕ್ಕೆ ಹಾಕಿದರೆ 1 ಘನ ಮೀಟರಿಗಿಂತ ತುಸು ಹೆಚ್ಚು. ಐದರಲ್ಲೊಂದು ಪಾಲಿಗಿಂತ ಹೆಚ್ಚು ಎಲ್ಲಿ ಹೋಯಿತು? ಕೊಯ್ಯುವಾಗ ಪುಡಿಯಾಗಿ, ಅಂಚುಹಲಗೆಯಾಗಿ ಹೋಗುವುದನ್ನು ಮೊದಲೇ ಕಳೆದಿದ್ದಾರೆ. ಈ ಸೂತ್ರ ಮರವನ್ನು ನೋಡುತ್ತಲೇ ಇಲ್ಲ, ಸಾಮಿಲ್ಲಿನಿಂದ ಹೊರಬರುವ ತೊಲೆಯನ್ನು ನೋಡುತ್ತಿದೆ.

ಈ ವಿದ್ಯೆ ಹುಟ್ಟಿದ್ದೇ ಹಾಗೆ. ಬರ್ಮಾದ ತೇಗದ ಕಾಡುಗಳನ್ನು ನೋಡಿಕೊಳ್ಳುತ್ತಿದ್ದ ಜರ್ಮನಿಯ ಸಸ್ಯಶಾಸ್ತ್ರಜ್ಞ ಡೀಟ್ರಿಶ್ ಬ್ರಾಂಡಿಸ್ 1864ರಲ್ಲಿ ಬ್ರಿಟಿಷ್ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕನಾದ. 1878ರಲ್ಲಿ ಡೆಹ್ರಾಡೂನಿನಲ್ಲಿ ಅರಣ್ಯ ಶಾಲೆ ಬಂತು. ರೈಲ್ವೆ ಹಳಿಗೆ ಸ್ಲೀಪರು ಬೇಕಿತ್ತು, ಅದು ಮುಗಿಯದಂತೆ ಕಡಿಯುವುದು ಹೇಗೆ ಎಂಬುದು ಪಾಠವಾಗಿತ್ತು. ಅಷ್ಟರಮಟ್ಟಿಗೆ ಅದೂ ಸಂರಕ್ಷಣೆಯೇ, ಅಲ್ಲಗಳೆಯುವುದಿಲ್ಲ. ಆದರೆ ಆ ಲೆಕ್ಕದ ಪುಸ್ತಕದಲ್ಲಿ ಸೊಪ್ಪಿಗೆ, ದರಕಿಗೆ, ಜೇನಿಗೆ ದೊಡ್ಡ ಕಾಲಂ ಇರಲಿಲ್ಲ. ಮಿಶ್ರ ಕಾಡು ಸವರಿ ಸಾಗವಾನಿ ನೆಟ್ಟರೆ ಪುಸ್ತಕದಲ್ಲಿ ಅದು ಲಾಭ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರ ತಬ್ಬಿ ನಿಂತದ್ದು ಆ ಲೆಕ್ಕ ಒಪ್ಪದೆ. ಅಪ್ಪಿಕೊ ಚಳವಳಿ ಎಂದು ಅದು ಹೆಸರಾಯಿತು. ಐದು ವರ್ಷದ ನಂತರ, 1988ರ ರಾಷ್ಟ್ರೀಯ ಅರಣ್ಯ ನೀತಿ ಪರಿಸರದ ಸಮತೋಲನ ಮೊದಲು, ಆದಾಯ ಆಮೇಲೆ ಎಂದು ಬರೆಯಿತು. ತಬ್ಬಿದವರ ತಾಲ್ಲೂಕಿನಲ್ಲೇ ಈಗ ಅಳೆಯುವವರ ಕಾಲೇಜು ಇರುವುದು ನನಗೆ ಇಷ್ಟವಾದ ಸಂಗತಿ.

ಶಿರಸಿ ಕಡೆ ಸೊಪ್ಪಿನ ಬೆಟ್ಟ ಎಂದರೆ ಗೊತ್ತಿಲ್ಲದವರಿಲ್ಲ. ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಎಂಬುದು ಬ್ರಿಟಿಷರ ಕಾಲದಿಂದ ಬಂದ ಸವಲತ್ತು. ನೆಲ ಸರ್ಕಾರದ್ದು, ಸೊಪ್ಪು ಕಡಿಯುವ ಹಕ್ಕು ತೋಟದವರದ್ದು. ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ಅಡಿಕೆ ಬುಡಕ್ಕೆ. ಇಂಥ ಬೆಟ್ಟದಲ್ಲಿ ಟೇಪು ಹಿಡಿದರೆ ಮತ್ತಿ, ಕಿಂದಳ, ಹೊನ್ನೆ ಸಿಗುತ್ತವೆ. ಎದೆಮಟ್ಟದ ಅಳತೆ ಚೆನ್ನಾಗಿಯೇ ಇರುತ್ತದೆ. ಅಲ್ಲಿಂದ ತಲೆ ಎತ್ತಿ ನೋಡಿದರೆ ಕೆಲವು ಮರಗಳಿಗೆ ಕೊಂಬೆಯೇ ಇಲ್ಲ, ತುದಿಯಲ್ಲೊಂದು ಜುಟ್ಟು. ತಲೆ ತಗ್ಗಿಸಿ ನೋಡಿದರೆ ಕೆಲವು ಬೆಟ್ಟಗಳಲ್ಲಿ ಸಸಿಗಳೇ ಇಲ್ಲ. ಒಂದು ಚದರ ಮೀಟರ್ ಚೌಕಟ್ಟು ಹಾಸಿ ಮೊಳಕೆ ಎಣಿಸುವ ಪಾಠ ಇಲ್ಲಿ ಬೇಕಾಗುತ್ತದೆ. ಪಕ್ಕದ ಇನ್ನೊಬ್ಬರ ಬೆಟ್ಟದಲ್ಲಿ ಸಸಿ ಕಾಲಿಗೆ ತೊಡರುತ್ತವೆ. ಕಾನೂನು ಒಂದೇ, ಮಳೆ ಒಂದೇ, ಬೆಟ್ಟ ಮಾತ್ರ ಬೇರೆ. ಯಾಕೆ ಎಂದು ತಿಳಿಯಬೇಕಾದರೆ ಮನೆಗೆ ಹೋಗಿ, ಜಗಲಿಯಲ್ಲಿ ಕೂತು, ಕೊಟ್ಟ ಚಹಾ ಕುಡಿದು ಕೇಳಬೇಕು. ಇನ್ನೊಂದು ಮಾತೂ ಕೇಳಬೇಕು: ತೋಟವೇ ಇಲ್ಲದ ಕೂಲಿಯವರು ಸೌದೆಗೆ ಎಲ್ಲಿಗೆ ಹೋಗುತ್ತಾರೆ? ಸವಲತ್ತು ತೋಟದ ಜೊತೆ ಬರುತ್ತದೆ, ಮನುಷ್ಯನ ಜೊತೆಯಲ್ಲ.

ಉಪ್ಪಾಗೆಯ ಕಥೆ ಇನ್ನೂ ಚೆನ್ನಾಗಿದೆ. ಹುಳಿಗೆ, ಬೀಜದ ತುಪ್ಪಕ್ಕೆ ಮನೆಮಟ್ಟಿಗೆ ಬಳಸುತ್ತಿದ್ದ ಹಣ್ಣು. ತೂಕ ಇಳಿಸುವ ಮಾತ್ರೆಗೆ ಅದರ ಸಿಪ್ಪೆಯ ಸಾರ ಬೇಕೆಂದು 1990ರ ದಶಕದಲ್ಲಿ ವಿದೇಶದಿಂದ ಬೇಡಿಕೆ ಬಂತು, ಬೆಲೆ ಏರಿತು. ಹಣ್ಣು ಬಲಿಯುವುದು ಸುರಿಮಳೆಯಲ್ಲಿ. ಬಿಸಿಲಿಗೆ ಒಣಗಿಸುವ ಮಾತಿಲ್ಲ, ಬೆಂಕಿಯ ಮೇಲೆ ಹೊಗೆ ಕೊಟ್ಟೇ ಒಣಗಿಸಬೇಕು. ಅಂದರೆ ಒಂದು ಕಾಡುಹಣ್ಣಿನ ವ್ಯಾಪಾರಕ್ಕೆ ಇಡೀ ಕಾಡಿನ ಸೌದೆ. ಬೇರೆಯವರು ಕೊಯ್ದಾರೆಂಬ ಅವಸರಕ್ಕೆ ಬಲಿಯದ ಕಾಯಿ, ಕಾಯಿಯ ಜೊತೆ ಕೊಂಬೆ. ಮೇಲಾಗಿ ಉಪ್ಪಾಗೆಯಲ್ಲಿ ಗಂಡುಮರ ಬೇರೆ, ಹೆಣ್ಣುಮರ ಬೇರೆ. ಬೀಜದಿಂದ ಬೆಳೆಸಿ ವರ್ಷಗಟ್ಟಲೆ ಕಾದ ಮೇಲೆ ಗಂಡು ಎಂದು ತಿಳಿದರೆ ರೈತ ಏನು ಮಾಡಬೇಕು? ಹೆಣ್ಣುಮರದ ಕಡ್ಡಿ ತಂದು ಕಸಿ ಕಟ್ಟಬೇಕು, ಕಡಿಮೆ ಸೌದೆ ತಿನ್ನುವ ಒಲೆ ಹಾಕಬೇಕು, ಕೊಯ್ಲಿನ ದಿನ ಊರೇ ಕೂತು ಗೊತ್ತುಮಾಡಬೇಕು. ಇದರಲ್ಲಿ ಸಸ್ಯಶಾಸ್ತ್ರ ಎಷ್ಟು, ಊರಿನ ರಾಜಕೀಯ ಎಷ್ಟು, ನೀವೇ ಹೇಳಿ.

ಗಂಡು ಹೆಣ್ಣಿನ ಈ ತೊಡಕು ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲೂ ಇದೆ. ಅಲ್ಲಿಯ ರಾಮಪತ್ರೆ ಜಡ್ಡಿಗಳಲ್ಲಿ, ಅಂದರೆ ಜೌಗು ಕಾಡಿನಲ್ಲಿ, ನೀರು ಬತ್ತುವುದು ಅಪರೂಪ, ಬೇರುಗಳು ಮೊಣಕಾಲು ಮಡಚಿದಂತೆ ಕೆಸರಿನಿಂದ ಮೇಲೆದ್ದಿರುತ್ತವೆ. ಅಲ್ಲಿನ ಗೇರಿನ ಕುಟುಂಬದ ಒಂದು ಮರಕ್ಕೆ ವಿಜ್ಞಾನದ ಪುಸ್ತಕದಲ್ಲಿ ಹೆಸರು ಸಿಕ್ಕಿದ್ದು 2000ದಲ್ಲಿ: ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಊರಿನ ಹೆಸರೇ ಮರಕ್ಕೆ. ಉಳಿದಿರುವುದು ಕೆಲವೇ ಜಡ್ಡಿಗಳಲ್ಲಿ. ಹತ್ತು ಮರ ಎಣಿಸಿದೆ ಎಂದರೆ ಬೀಜ ಕೊಡುವ ಹತ್ತು ತಾಯಿಮರ ಎಂದಲ್ಲ. ಜಡ್ಡಿಯ ಮರಗಳ ಬೀಜವೂ ಒಣಗಿಸಿ ಡಬ್ಬಿಯಲ್ಲಿಡುವಂಥದ್ದಲ್ಲ, ಒಣಗಿದರೆ ಸತ್ತೇಹೋಗುತ್ತದೆ. ಬಿದ್ದದ್ದನ್ನು ಆರಿಸಿ ಕೂಡಲೇ ನರ್ಸರಿಗೆ ಹಾಕಬೇಕು. ಶಿರಸಿ ಕಾಲೇಜಿನವರು ಹೀಗೆ ಸಸಿ ಮಾಡಿ ಜಡ್ಡಿಗೆ ಮರಳಿ ನೆಟ್ಟಿದ್ದಾರೆ.

ಇಷ್ಟೆಲ್ಲ ಇದ್ದೂ, ಅರಣ್ಯ ಓದುವ ಹುಡುಗನನ್ನು ನೆಂಟರು ಕೇಳುವುದು ಒಂದೇ ಪ್ರಶ್ನೆ: 'ಆರ್‌ಎಫ್‌ಒ ಆಗ್ತೀಯೇನೋ?' ವಲಯ ಅರಣ್ಯಾಧಿಕಾರಿ ಹುದ್ದೆಗಳಲ್ಲಿ ಈ ಪದವೀಧರರಿಗೆ ಎಷ್ಟು ಪಾಲು ಇರಬೇಕೆಂದು ವಿದ್ಯಾರ್ಥಿಗಳು ತರಗತಿ ಬಿಟ್ಟು ಧರಣಿ ಕೂತದ್ದೂ ಉಂಟು. ಅವರ ಸಿಟ್ಟು ಅರ್ಥವಾಗುತ್ತದೆ. ಭಾರತೀಯ ಅರಣ್ಯ ಸೇವೆಯ (ಐಎಫ್‌ಎಸ್) ಪರೀಕ್ಷೆಗೆ ಎಂಜಿನಿಯರಿಂಗ್ ಓದಿದವರೂ ಕೂರಬಹುದು, ನಾಲ್ಕು ವರ್ಷ ಉಂಬಳ ಕಚ್ಚಿಸಿಕೊಂಡವರಿಗೆ ಹೊಟ್ಟೆ ಉರಿಯದೆ ಇದ್ದೀತೆ? ಆದರೂ ಇಡೀ ಪದವಿಯನ್ನು ಒಂದು ಖಾಕಿ ಅಂಗಿಯ ಕಾಯುವ ಕೊಠಡಿ ಮಾಡಿಕೊಂಡದ್ದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಸ್ನಾತಕೋತ್ತರಕ್ಕೆ ಡೆಹ್ರಾಡೂನಿನ ವನ್ಯಜೀವಿ ಸಂಸ್ಥೆಯಿದೆ, ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ (ಎನ್‌ಸಿಬಿಎಸ್) ಇದೆ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ವಿಭಾಗವಿದೆ. ಬೆಟ್ಟದ ಸಸಿ ಎಣಿಸಬಲ್ಲ, ಉಪ್ಪಾಗೆಯ ಒಲೆ ಸುಧಾರಿಸಬಲ್ಲ ಜನ ಖಾಕಿ ತೊಟ್ಟವರಷ್ಟೇ ಬೇಕಾಗಿದ್ದಾರೆ, ಸಂಬಳ ಕೊಡುವವರು ಕಡಿಮೆ ಎನ್ನುವುದೂ ನಿಜ.

ಸಿಇಟಿ ಬರೆದ ಮಕ್ಕಳು ಆಯ್ಕೆಪಟ್ಟಿ ತುಂಬುವಾಗ ಕೃಷಿ ಕೋರ್ಸುಗಳ ನಡುವೆ ಬಿಎಸ್ಸಿ ಅರಣ್ಯಶಾಸ್ತ್ರ ಎಂಬ ಸಾಲು ಕಾಣುತ್ತದೆ. ಕೊನೆಯ ಆಯ್ಕೆಯೆಂದು ಅದನ್ನು ಕೆಳಗೆ ತಳ್ಳುವ ಮೊದಲು ಒಮ್ಮೆ ಶಿರಸಿಗೋ ಪೊನ್ನಂಪೇಟೆಗೋ ಹೋಗಿಬನ್ನಿ. ಅಪ್ಪ ಅಮ್ಮನನ್ನೂ ಕರೆದೊಯ್ಯಿರಿ. ಮಳೆಗಾಲದಲ್ಲೇ ಹೋಗಿ. ಉಂಬಳಕ್ಕೆ ಸ್ವಲ್ಪ ಉಪ್ಪು ಜೇಬಿನಲ್ಲಿರಲಿ.