ಒಂದೇ ದ್ವೀಪ, ಎರಡು ಸಮುದ್ರ

ಒಂದೇ ದ್ವೀಪ, ಒಂದೇ ಬೆಳಗ್ಗೆ.
ಈ ಕಡೆ ಮಕ್ಕಳು ಮೊಣಕಾಲುದ್ದ ನೀರಲ್ಲಿ ಆಡ್ತಿದ್ದಾರೆ.
ಆ ಕಡೆ, ಗಾಳಿಗೆ ಟೋಪಿ ತಲೆ ಮೇಲೆ ನಿಲ್ತಿಲ್ಲ.
ಇದು ಹೇಗೆ?

ಇದು ಫಿಲಿಪ್ಪೀನ್ಸ್‌ನ ಬೊರಾಕಾಯ್.
ಮೇಲಿಂದ ನೋಡಿ, ಥೇಟ್ ಡಮರು!
ಎರಡೂ ತುದಿ ಅಗಲ, ನಡು ಸಣ್ಣ.
ಆ ನಡುವಲ್ಲಿ, ಒಂದು ತೀರದಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು.

ಪಶ್ಚಿಮಕ್ಕೆ ವೈಟ್ ಬೀಚ್.
ಸುಮಾರು 4 ಕಿಲೋಮೀಟರ್ ಬಿಳಿ ಮರಳು.
ಹವಳ, ಚಿಪ್ಪು ಸವೆದು ಸವೆದು ಆದ ನುಣ್ಣನೆ ಪುಡಿ ಅದು.
ಪೂರ್ವಕ್ಕೆ ಬುಲಬೋಗ್ ಬೀಚ್.

ನವೆಂಬರ್‌ನಿಂದ ಏಪ್ರಿಲ್‌ವರೆಗೆ ಈಶಾನ್ಯದ ಗಾಳಿ.
ಅಲ್ಲಿಯವರು ಅದನ್ನ ಅಮಿಹಾನ್ ಅಂತಾರೆ.
ಅದು ನೇರ ಬಡಿಯೋದು ಬುಲಬೋಗ್‌ಗೆ.
ವೈಟ್ ಬೀಚ್‌ಗೆ ದ್ವೀಪವೇ ಅಡ್ಡ. ಅಲ್ಲಿ ನೀರು ತಣ್ಣಗೆ ಮಲಗಿರುತ್ತೆ.

ಬುಲಬೋಗ್‌ನಲ್ಲಿ ಇನ್ನೊಂದು ಅನುಕೂಲ.
ದಡದಿಂದಾಚೆ ಹವಳದ ದಿಬ್ಬ ಇದೆ.
ದೊಡ್ಡ ಅಲೆ ಅಲ್ಲೇ ಒಡೆದುಹೋಗುತ್ತೆ.
ಒಳಗೆ ಉಳಿಯೋದು ಜೋರು ಗಾಳಿ, ಮಟ್ಟಸ ನೀರು.
ಕೈಟ್‌ಸರ್ಫಿಂಗ್‌ಗೆ ಇನ್ನೇನು ಬೇಕು?
ಸೊಂಟಕ್ಕೆ ಬಿಗಿದ ಪಟ್ಟಿ, ಕಾಲಡಿ ಹಲಗೆ,
ತಲೆ ಮೇಲೆ ಎಳೀತಿರೋ ದೊಡ್ಡ ಗಾಳಿಪಟ.
ಬಿದ್ದರೂ ಉಪ್ಪುನೀರು ಕುಡಿದು ಏಳಬಹುದು!

ಜೂನ್ ಬಂತೋ, ಎಲ್ಲಾ ಉಲ್ಟಾ.
ನಮಗೆ ಮುಂಗಾರು ತರೋ ನೈಋತ್ಯ ಮಾರುತ ಅಲ್ಲೂ ಬೀಸುತ್ತೆ.
ಈಗ ಅಲೆಗಳ ಅಬ್ಬರ ವೈಟ್ ಬೀಚ್‌ನಲ್ಲಿ.

ಇಂಥ ದ್ವೀಪವನ್ನ 2018ರಲ್ಲಿ ಸರ್ಕಾರ ಆರು ತಿಂಗಳು ಮುಚ್ಚಿಬಿಟ್ಟಿತು.
ಕೊಳಚೆ ನೀರು ಸೀದಾ ಸಮುದ್ರಕ್ಕೆ ಹೋಗ್ತಿತ್ತು.
ಇದು ಬರೀ ಮೋರಿಗುಂಡಿ ಅನ್ನೋ ಅರ್ಥದಲ್ಲೇ ಆಗಿನ ಅಧ್ಯಕ್ಷ ಡುಟರ್ಟೆ ಬೈದಿದ್ದರು.
ಮಾತು ಒರಟು. ಆದರೆ ಸುಳ್ಳೇನಲ್ಲ.

ಅಕ್ಟೋಬರ್‌ನಲ್ಲಿ ಬಾಗಿಲು ತೆರೀತು.
ಅಷ್ಟೊತ್ತಿಗೆ, ಮರಳಿನ ಮೇಲೆ ಸಿಗರೇಟೂ ಇಲ್ಲ, ಮದ್ಯವೂ ಇಲ್ಲ.